ಶಾಮಿಯಾನ ಮಾವನ ಹಾಯಿದೋಣಿ

ಕಳೆದ ವಾರ ಮುಳಬಾಗಿಲಿನಿಂದ ಒಂದು ಟೆಂಪೊ ಬಂದು ನನ್ನ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿತು. ಪಕ್ಕದ ಮಳಿಗೆಯ ಷಟರ್ ಎತ್ತಿದ ಕೂಡಲೇ ಆ ವಾಸನೆ ಬಂತು. ಬಿಸಿಲು ತಿಂದ ಟಾರ್ಪಾಲು, ಮಡಿಕೆಗಳಲ್ಲಿ ಉಳಿದ ಮುಗ್ಗಲು, ಇಲಿ ಕಡಿಯದಿರಲೆಂದು ನಡುನಡುವೆ ಸಿಕ್ಕಿಸಿದ್ದ ನುಸಿಗುಳಿಗೆ, ಯಾವುದೋ ಮದುವೆಯ ಸಾಂಬಾರಿನ ಕಲೆ... ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿಬಿಟ್ಟೆ. ಆ ಷಟರ್ ಮುಚ್ಚಿ ಒಂದು ವರ್ಷವೇ ಆಗುತ್ತ ಬಂದಿತ್ತು. ಸಾಮಾನು ಕೊಂಡವರ ಆಳುಗಳು ಶಾಮಿಯಾನದ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ತಂದು ಟೆಂಪೊಗೆ ಎಸೆಯುತ್ತಿದ್ದರು. ಅತ್ತೆ ಬಾಗಿಲ ಪಕ್ಕ ಸೆರಗು ಹೊದ್ದು ನಿಂತು, ಬೇರೆ ಯಾರದೋ ಸಾಮಾನು ಹೋಗುತ್ತಿದೆಯೇನೋ ಅನ್ನುವ ಹಾಗೆ ನೋಡುತ್ತಿದ್ದರು.

ಅತ್ತೆ ಅಂದರೆ ಶಾಮಿಯಾನ ಮಾವನ ಹೆಂಡತಿ. ಅವರು ನನಗೆ ಸಂಬಂಧಿಕರೇನಲ್ಲ. ನಮ್ಮ ಕಡೆ ಅಪ್ಪನ ವಯಸ್ಸಿನವರನ್ನೆಲ್ಲ ಮಾವ, ಚಿಕ್ಕಪ್ಪ ಎಂದು ಕರೆದುಕೊಂಡೇ ಬೆಳೆಯುತ್ತೇವೆ. ಹುತ್ತೂರಿನಿಂದ ವಕ್ಕಲೇರಿಯವರೆಗೆ ಯಾರ ಮನೆಯ ಮದುವೆ, ನಾಮಕರಣ, ತಿಥಿ ಆದರೂ ಮಾವನ ಶಾಮಿಯಾನವೇ ಆಗಬೇಕಿತ್ತು. ಉದ್ದನೆಯ ಆಳು, ಅಂಗಿಯ ಜೇಬಿನಲ್ಲಿ ಸದಾ ಹಗ್ಗದ ತುಂಡು. ಎಲ್ಲಿಗೆ ಹೋದರೂ ಮೊದಲು ನೆಲ ನೋಡುತ್ತಿದ್ದರು. ಹಿಮ್ಮಡಿಯಿಂದ ಒಂದು ಸಲ ಒತ್ತಿ, "ಇಲ್ಲಿ ಗೂಟ ನಿಲ್ತದೆ" ಅನ್ನುತ್ತಿದ್ದರು. ದೇವಸ್ಥಾನಕ್ಕೆ ಹೋದರೂ ಅದೇ ಬುದ್ಧಿ. ಕೈಮುಗಿಯುವ ಮೊದಲು ಅಂಗಳ ಅಳೆದಾಯಿತು ಎಂದು ನಾನು ಕೀಟಲೆ ಮಾಡುತ್ತಿದ್ದೆ. ನಮ್ಮ ಕೆಮ್ಮಣ್ಣು ಗಟ್ಟಿ, ಒಮ್ಮೆ ಹೊಡೆದ ಗೂಟ ಕೀಳಬೇಕಾದರೆ ಇಬ್ಬರು ಬೇಕು. ಅವರು ಜೀವನವಿಡೀ ನಂಬಿದ್ದು ಆ ಮಣ್ಣನ್ನು.

ಕೆರೆಯ ಮಾತು ಹೇಳದೆ ಮಾವನ ಮಾತು ಮುಂದೆ ಹೋಗುವುದಿಲ್ಲ. ನಾನು ಹುಟ್ಟಿದಾಗಿನಿಂದ ನಮ್ಮೂರ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತದ್ದು ನೋಡಿರಲಿಲ್ಲ. ನಮಗೆ ಕೆರೆ ಎಂದರೆ ಮೈದಾನ. ಹುಡುಗರು ಅಲ್ಲೇ ಕ್ರಿಕೆಟ್ ಆಡಿದರು, ಹೆಂಗಸರು ಅಲ್ಲೇ ಜಾಲಿ ಸೌದೆ ಕಡಿದರು, ಜೆಸಿಬಿಗಳು ಬಂದು ಅಲ್ಲೇ ಮಣ್ಣು ಬಗೆದು ಲಾರಿಗೆ ತುಂಬಿದವು. ಹೀಗಾಗಿ ನಮ್ಮ ಕಾಲದವರಿಗೆ ಈಜು ಅನ್ನುವುದೇ ಗೊತ್ತಿಲ್ಲ. ಎಲ್ಲಿ ಕಲಿಯುವುದು? ಬಾವಿಗಳೂ ಬತ್ತಿದ್ದವು. ಆಮೇಲೆ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಹರಿಸಿದರು. ಒಂದು ಕೆರೆ ತುಂಬಿ ಮುಂದಿನದಕ್ಕೆ ಹರಿಯುತ್ತ ನಮ್ಮೂರಿಗೂ ನೀರು ಬಂತು. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು. ಗಂಗಮ್ಮನಿಗೆ ಪೂಜೆಯಾಯಿತು. ಆ ಪೂಜೆಗೆ ಶಾಮಿಯಾನ ಹಾಕಿದ್ದೂ ಮಾವನೇ. ಬಾಡಿಗೆ ಬೇಡ ಅಂದಿದ್ದರು.

ಅದೇ ವರ್ಷ ಅವರ ಮಗ ಆ ಕೆರೆಯಲ್ಲಿ ಮುಳುಗಿದ.

ಒಬ್ಬನೇ ಮಗ. ಬೆಳೆದು ನಿಂತ ಹುಡುಗ, ಅಪ್ಪನ ಜೊತೆಗೇ ಕಂಬ ನಿಲ್ಲಿಸುತ್ತಿದ್ದ. ಸ್ನೇಹಿತರ ಜೊತೆ ನೀರಿಗೆ ಇಳಿದಿದ್ದಾನೆ. ಅವನಿಗೆ ಭಯವೇ ಇರಲಿಲ್ಲ, ಯಾಕೆಂದರೆ ಆ ಕೆರೆಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತಿತ್ತು. ಇಲ್ಲಿ ನಮ್ಮ ಪಿಚ್ ಇತ್ತು, ಇಲ್ಲಿ ಬೌಂಡರಿ ಕಲ್ಲು ಎಂದು ಹೇಳಿಕೊಂಡೇ ನಡೆದನಂತೆ. ನೆಲವಾಗಿ ಗೊತ್ತಿದ್ದದ್ದನ್ನು ನೀರಾದ ಮೇಲೂ ಗೊತ್ತು ಅಂದುಕೊಂಡ. ಜೆಸಿಬಿ ಬಗೆದ ಗುಂಡಿಯ ಅಂಚು ಅವನು ಎಣಿಸಿದ್ದಕ್ಕಿಂತ ನಾಲ್ಕು ಹೆಜ್ಜೆ ಈಚೆಗೇ ಇತ್ತು... ಊರಿನವರೆಲ್ಲ ಓಡಿದೆವು. ಓಡಿ ಏನು ಮಾಡಿದೆವು? ಏರಿಯ ಮೇಲೆ ಸಾಲಾಗಿ ನಿಂತೆವು. ಒಬ್ಬರಿಗೂ ಈಜು ಬರುವುದಿಲ್ಲ, ಒಂದು ತೆಪ್ಪ ಇಲ್ಲ, ದೋಣಿ ಇಲ್ಲ. ಯಾರೋ ಟ್ರ್ಯಾಕ್ಟರ್ ಟ್ಯೂಬು ತಂದರು, ಅದಕ್ಕೆ ಗಾಳಿ ಇರಲಿಲ್ಲ. ಮಾವ ಅಂಗಡಿಯಲ್ಲಿದ್ದ ಹಗ್ಗವನ್ನೆಲ್ಲ ತಂದು ಒಂದಕ್ಕೊಂದು ಗಂಟು ಹಾಕುತ್ತಲೇ ಇದ್ದರು. ಅದನ್ನು ಹಿಡಿದುಕೊಂಡು ನೀರಿಗೆ ಇಳಿಯುವವರು ಯಾರು ಎಂದು ಅವರೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಕೋಲಾರದಿಂದ ಅಗ್ನಿಶಾಮಕದವರು ರಬ್ಬರ್ ದೋಣಿ ತರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅತ್ತೆ ಆ ದಿನ ಟೇಕಲ್ ಹತ್ತಿರ ಯಾರದೋ ತೋಟಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದರು. ಅವರು ಬಂದಾಗ ಎಲ್ಲ ಮುಗಿದಿತ್ತು.

ಆಮೇಲೆ ಬಹಳ ದಿನ ಅಂಗಡಿ ಮುಚ್ಚಿತ್ತು. ತೆರೆದ ಮೇಲೂ ಮಾವ ಮಾತು ಕಡಿಮೆ ಮಾಡಿದರು. ಒಂದು ದಿನ ನನ್ನ ಅಂಗಡಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಪಹಣಿ, ಜಾತಿ ಆದಾಯ, ಪಿಂಚಣಿ ಅರ್ಜಿಗೆ ಬಂದವರೆಲ್ಲ ಹೋಗುವವರೆಗೂ ಕಾದರು.

"ದೋಣಿಗೆ ರಿಜಿಸ್ಟ್ರೇಷನ್ ಎಲ್ಲಿ ಮಾಡ್ಸೋದಮ್ಮ?"

ನನಗೆ ಅರ್ಥವಾಗಲಿಲ್ಲ. ಯಾವ ದೋಣಿ ಎಂದು ಕೇಳಿದೆ.

"ನಾನು ಮಾಡ್ತೀನಲ್ಲ, ಅದಕ್ಕೆ. ಕೆರೆ ದಡದಲ್ಲಿ ಒಂದು ಯಾವಾಗ್ಲೂ ಇರ್ಬೇಕು. ಇನ್ನೊಬ್ಬರ ಮಗ ಬಿದ್ದಾಗ ಊರು ಹಂಗೆ ನಿಂತ್ಕೊಂಡು ನೋಡ್ಬಾರದು."

ದೋಣಿ ಮಾಡಿ ದಡದಲ್ಲಿ ಬಿಡಿ, ಅದಕ್ಕೇಕೆ ನೋಂದಣಿ ಅಂದೆ. ಅವರು ತಲೆ ಅಲ್ಲಾಡಿಸಿದರು. ಮದುವೆ ಮನೆಗಳಲ್ಲಿ ಜೀವನ ಕಳೆದವರು, ಯಾವ ಪೊಲೀಸು ಯಾವಾಗ ಬಂದು ಮೈಕು ಕಿತ್ತುಕೊಂಡು ಹೋಗುತ್ತಾನೆಂದು ಚೆನ್ನಾಗಿ ಬಲ್ಲವರು. "ಕಾಗದ ಇಲ್ಲದ ದೋಣೀನ ಮೊದಲನೇ ದಿನವೇ ಸೀಜ್ ಮಾಡ್ತಾರೆ. ಬೇಕಾದ ದಿನ ಅದು ಸ್ಟೇಷನ್ ಹಿಂದೆ ಬಿದ್ದಿರ್ತದೆ. ನಿಯತ್ತಾಗೇ ಮಾಡೋಣ" ಅಂದರು.

ಹೀಗೆ ಸಮುದ್ರ ನೋಡದ ನಾನು, ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆಯಲ್ಲಿ ಕೂತು ದೋಣಿಯ ಕಾನೂನು ಓದತೊಡಗಿದೆ. ನನಗೆ ತಿಳಿದಷ್ಟು ಇಷ್ಟು. ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗೆ ಈಗ ಹೊಸ ಕಾಯ್ದೆ ಇದೆ. ಇಂಜಿನ್ ಇದ್ದರೆ ಅದರ ದಾರಿಯೇ ಬೇರೆ. ತಪಾಸಣೆ, ನಡೆಸುವವನಿಗೆ ಸರ್ಟಿಫಿಕೇಟು, ವಿಮೆ, ಮೇಲಿನ ಅಧಿಕಾರಿಗಳ ಮುದ್ರೆ. ಇಂಜಿನ್ ಇಲ್ಲದ ದೋಣಿಯಾದರೆ ಅದನ್ನು ನೋಂದಾಯಿಸುವ ಕೆಲಸವನ್ನು ಸರ್ಕಾರ ಸ್ಥಳೀಯ ಸಂಸ್ಥೆಗೆ, ಅಂದರೆ ಪಂಚಾಯಿತಿಗೂ ವಹಿಸಬಹುದು. ಇದನ್ನು ಮಾವನಿಗೆ ಓದಿ ಹೇಳಿದೆ. ಅವರು, ಇಂಜಿನ್ ಬೇಡ, ಆದರೆ ಹುಟ್ಟು ಹಾಕುತ್ತ ಹೋದರೆ ನಡುಕೆರೆ ತಲುಪುವಷ್ಟರಲ್ಲಿ ತಡವಾಗುತ್ತದೆ, ಬಟ್ಟೆ ಕಟ್ಟೋಣ ಅಂದರು. ನಲವತ್ತು ವರ್ಷ ಗಾಳಿಯಿಂದ ಬಟ್ಟೆ ಉಳಿಸಿಕೊಳ್ಳುವುದೇ ಅವರ ಕಸುಬು. ಈಗ ಅದೇ ಗಾಳಿಗೆ ಬಟ್ಟೆ ಒಡ್ಡುವುದು. ಹಾಯಿ ಬಂದದ್ದು ಹೀಗೆ, ಶೋಕಿಗಲ್ಲ.

ಕಾನೂನು ಓದುವುದು ಸುಲಭ, ಅದು ಯಾರ ಮೇಜಿನ ಮೇಲೆ ಬರುತ್ತದೆ ಎಂದು ಹುಡುಕುವುದು ಕಷ್ಟ. ಗಾಡಿ ನೋಂದಣಿ ಮಾಡುವ ಕಚೇರಿಯಲ್ಲಿ ಚಕ್ರ ಇಲ್ಲದ್ದು ನಮಗೆ ಬರುವುದಿಲ್ಲ ಅಂದರು. ಮೀನುಗಾರಿಕೆಯವರು ಬಲೆ ಹಾಕುತ್ತೀರಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಹಾಗಾದರೆ ನಮ್ಮದಲ್ಲ ಅಂದರು. ಕೆರೆಯ ಇಲಾಖೆಯವರು ನೀರು ನಮ್ಮದು, ನೀರಿನ ಮೇಲಿನದು ನಮ್ಮದಲ್ಲ ಎಂದು ನಕ್ಕರು. ಒಬ್ಬರು ಕಾರವಾರದ ಬಂದರು ಇಲಾಖೆಗೆ ಬರೆಯಿರಿ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ, ಟೀ ಕೊಟ್ಟವರೂ ಇದ್ದಾರೆ. ಕೋಲಾರ ಜಿಲ್ಲೆಯಲ್ಲಿ ಹಾಯಿದೋಣಿ ಅಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ಮಾವ ಮಾತ್ರ ಪ್ರತಿ ಸಲ ಬಂದು ಅದೇ ಕುರ್ಚಿಯಲ್ಲಿ ಕೂತು, "ಇನ್ನೊಂದು ಅರ್ಜಿ ಹಾಕೋಣ" ಅನ್ನುತ್ತಿದ್ದರು. ನನಗೇ ಸಿಟ್ಟು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ದೋಣಿ ಅವರ ಹಿತ್ತಲಲ್ಲಿ ಆಕಾರ ಪಡೆಯುತ್ತಿತ್ತು. ಬಾಗಿಲು ಕಿಟಕಿ ಮಾಡುವ ಬಡಗಿಯೊಬ್ಬರನ್ನು ಒಪ್ಪಿಸಿ, ಫೋನಿನಲ್ಲಿ ನೋಡಿದ್ದನ್ನು ನೆಲದ ಮೇಲೆ ಸುಣ್ಣದಲ್ಲಿ ಬರೆದು, ನೀಲಗಿರಿ ಚೌಕಟ್ಟಿಗೆ ಪ್ಲೈವುಡ್ ಹೊಡೆಸಿದರು. ಎರಡು ಪಕ್ಕಕ್ಕೂ ಖಾಲಿ ಡ್ರಮ್ಮು ಕಟ್ಟಿದರು, ಮಗುಚಿದರೂ ಮುಳುಗಬಾರದೆಂದು. ಹಾಯಿಗೆ ಶಾಮಿಯಾನದ ಪಕ್ಕದ ಪರದೆ, ಕೆಂಪು ಹಳದಿ ಪಟ್ಟೆಯದು. ತಾವೇ ಮಿಷನ್ ತುಳಿದು ಹೊಲಿದರು. ಹೊಲಿಯುತ್ತಿದ್ದ ಸದ್ದು ನನ್ನ ಅಂಗಡಿಗೆ ಕೇಳುತ್ತಿತ್ತು.

ಅತ್ತೆ ಆ ದೋಣಿಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವರ ತವರು ಶ್ರೀನಿವಾಸಪುರದ ಆಚೆ, ಸಿಟ್ಟು ಬಂದರೆ ಬಾಯಲ್ಲಿ ತೆಲುಗೇ ಬರುವುದು. ಒಂದು ದಿನ ಹಿತ್ತಲಲ್ಲಿ ಜೋರು ಮಾತು ಕೇಳಿ ಹೋದೆ. "ವದ್ದು ಅಂಟೆ ವದ್ದು" ಅನ್ನುತ್ತಿದ್ದರು. ಬೇಡ ಅಂದರೆ ಬೇಡ. ಆಮೇಲೆ ನನ್ನನ್ನು ನೋಡಿ ಕನ್ನಡಕ್ಕೆ ಬಂದರು. "ನೋಡಮ್ಮ, ಒಬ್ಬನ್ನ ತಗೊಂಡಿದ್ದು ಸಾಲದಾ ಆ ನೀರಿಗೆ? ಇವರೂ ಹೋಗ್ಬೇಕಾ?" ಮಾವ ಮೊಳೆ ಹೊಡೆಯುತ್ತ ಕೂತಿದ್ದರು. ಅವರಿಬ್ಬರ ನಡುವೆ ಆಗ ಉಳಿದಿದ್ದ ಮಾತು ಇಷ್ಟೇ ಇರಬೇಕು... ಮಗನ ಹೆಸರು ಇಬ್ಬರೂ ಎತ್ತುತ್ತಿರಲಿಲ್ಲ.

ಕೊನೆಗೆ ನಮ್ಮ ಪಂಚಾಯಿತಿಗೆ ಹೊಸದಾಗಿ ಬಂದ ಪಿಡಿಓ ಮೇಡಂ ಅರ್ಜಿ ಕೈಗೆತ್ತಿಕೊಂಡರು. ಚುರುಕಿನ ಹುಡುಗಿ. ಮೇಲೆ ಬರೆದು ಕೇಳಿ, ದೋಣಿಯನ್ನು ಪಂಚಾಯಿತಿಯಲ್ಲೇ ದಾಖಲು ಮಾಡಿಕೊಳ್ಳಬಹುದು, ಆದರೆ ಜವಾಬ್ದಾರಿ ನಿಮ್ಮದು ಅನ್ನುವ ಉತ್ತರ ತರಿಸಿಕೊಂಡರು. ದಾಖಲಾಗುವವರೆಗೆ ಯಾರೂ ಹತ್ತಬಾರದೆಂದು, ಹಿತ್ತಲಿಂದ ಕೆರೆಗೆ ಸಾಗಿಸಿದ್ದ ದೋಣಿಯನ್ನು ತೂಬಿನ ಕಲ್ಲಿಗೆ ಸರಪಳಿಯಿಂದ ಕಟ್ಟಿಸಿ ಬೀಗ ಹಾಕಿಸಿದರು. ಬೀಗ ಮಾವನೇ ತಂದುಕೊಟ್ಟರು. ಆಮೇಲೆ ಮೇಡಂ ಒಂದೊಂದೇ ಷರತ್ತು ಹೇಳಿದರು. ಹೊರಮೈಗೆ ಹೆಸರು ಮತ್ತು ನಂಬರು, ಎಷ್ಟು ಜನ ಕೂರಬಹುದೆಂಬ ಗುರುತು, ಲೈಫ್ ಜಾಕೆಟ್, ನೀರು ಮೊಗೆಯಲು ಬಕೆಟ್. ಮಾವ ಎಲ್ಲದಕ್ಕೂ ತಲೆದೂಗಿದರು.

ಭಾರ ಪರೀಕ್ಷೆಗೆ ಇಂಜಿನಿಯರ್ ಒಬ್ಬರು ಬಂದರು. ಅವರು ರಸ್ತೆ, ಚರಂಡಿಯ ಇಂಜಿನಿಯರು, ದೋಣಿ ಹತ್ತಲು ಸುತರಾಂ ಒಪ್ಪಲಿಲ್ಲ. ಜನರ ಬದಲು ರಾಗಿ ಮೂಟೆ ಏರಿಸೋಣ ಎಂದು ಮಾವನೇ ಉಪಾಯ ಹೇಳಿದರು. ನಾಲ್ಕು ಮೂಟೆ ಏರಿಸಿ, ಹಾಯಿ ಕಟ್ಟಿ, ಉದ್ದನೆಯ ಹಗ್ಗವನ್ನು ದಡದಲ್ಲಿ ಗಂಡಸರು ಹಿಡಿದುಕೊಂಡರು. ಆಷಾಢದ ಗಾಳಿ. ಹಾಯಿ ಒಮ್ಮೆ ಪಟಪಟ ಬಡಿದು ತುಂಬಿಕೊಂಡಿತು. ಮನುಷ್ಯರೇ ಇಲ್ಲದ ದೋಣಿ ನಾಲ್ಕು ರಾಗಿ ಮೂಟೆ ಹೊತ್ತುಕೊಂಡು ನಡುಕೆರೆಯ ಕಡೆ ಹೊರಟಿತು. ನೀರಿನಲ್ಲಿ ಸತ್ತು ನಿಂತ ಜಾಲಿ ಮರಗಳ ಪಕ್ಕದಲ್ಲೇ ಹಾದು ಹೋಯಿತು. ಎಲ್ಲರೂ ನಗುತ್ತಿದ್ದರು, ಇಂಜಿನಿಯರ್ ಕೂಡ. ಮಾವ ನಗಲಿಲ್ಲ. ಅದು ಗುಂಡಿಯ ಜಾಗ ತಲುಪಿದಾಗ ಕೈಗಡಿಯಾರ ನೋಡಿಕೊಂಡರು, ಅಷ್ಟೆ. ನಾನು ಮುಖ ಆಚೆ ತಿರುಗಿಸಿದೆ.

ಉಳಿದದ್ದು ಒಂದೇ ಷರತ್ತು. ದೋಣಿ ನಡೆಸುವವರಿಗೆ ಈಜು ಬರಬೇಕು. ಅದು ಕಾನೂನಿನಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಮೇಡಂ ಹೇಳಿದರು. "ಕಾಪಾಡೋಕೆ ಹೋದವರೇ ಮುಳುಗಿದ್ರೆ ನಾನೇನು ಉತ್ತರ ಕೊಡ್ಲಿ?" ಅಂದರು. ತಪ್ಪು ಮಾತಲ್ಲ. ಮಾವನೂ, "ನ್ಯಾಯವಾದ ಮಾತು ಕಣಮ್ಮ" ಎಂದು ಒಪ್ಪಿಕೊಂಡು ಬಂದರು.

ಆಮೇಲೆ ಈಜು ಬರುವವರಿಗಾಗಿ ಹುಡುಕಾಟ. ಮಾವ ಊರಿನ ಗಂಡಸರನ್ನೆಲ್ಲ ಕೇಳಿದರು. ಹಾಲಿನ ಡೈರಿಯ ಮುಂದೆ, ಅರಳಿಕಟ್ಟೆಯ ಹತ್ತಿರ, ರೇಷ್ಮೆ ಹುಳು ಮನೆಗಳಿಗೆ ಹೋಗಿ ಕೇಳಿದರು. ಹುಡುಗರಿಗೆ ಬರುವುದಿಲ್ಲ. ಮುದುಕರಲ್ಲಿ ಇಬ್ಬರಿಗೆ ಬರುತ್ತಿತ್ತು, ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ಮಂಡಿ ಮಡಿಸಲಾಗದು. ಮೇಡಂ ಇಬ್ಬರನ್ನೂ ನೋಡಿ ಬೇಡ ಅಂದರು. ಮಾಲೂರಿನಿಂದ ಯಾರನ್ನಾದರೂ ಕರೆಸಿದರೆ ಅವರು ದಿನಾ ದಡದಲ್ಲಿ ಇರುತ್ತಾರೆಯೇ? ಹೀಗೆ ಆ ಮಳೆಗಾಲ ಕಳೆಯಿತು. ಪಕ್ಕದ ಊರಿನ ಕೆರೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸೊಬ್ಬಳು ಸತ್ತಳೆಂದು ಸುದ್ದಿ ಬಂದ ದಿನ ಮಾವ ಅಂಗಡಿ ತೆರೆಯಲಿಲ್ಲ.

ಅದಾದ ಮೇಲೆ ಕೆಲವು ದಿನ ಅವರು ಬೆಳಿಗ್ಗೆ ಷಟರ್ ಎತ್ತುವಾಗ ತಲೆ ಒದ್ದೆಯಾಗಿರುತ್ತಿತ್ತು. ಸ್ನಾನ ಮಾಡಿ ಬಂದಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಒಂಟಿ ಕಾಲಲ್ಲಿ ಕುಪ್ಪಳಿಸಿ ಕಿವಿಯ ನೀರು ತೆಗೆಯುತ್ತಿದ್ದುದನ್ನೂ ಕಂಡೆ. ಆ ವಯಸ್ಸಿನಲ್ಲಿ ಕುಪ್ಪಳಿಸುವುದು ನೋಡಿ ನಗು ಬಂತು.

ಆಮೇಲೆ ಗೊತ್ತಾಯಿತು, ಅವರು ಈಜು ಕಲಿಯುತ್ತಿದ್ದರು. ಕೆರೆಯಲ್ಲಲ್ಲ. ಕೆರೆಗೆ ಇಳಿದರೆ ಅತ್ತೆಗೆ ಸುದ್ದಿ ಮುಟ್ಟುತ್ತದೆ. ಊರಾಚೆ ಟೊಮೇಟೊ ತೋಟವೊಂದರಲ್ಲಿ ಹೊಸದಾಗಿ ತೆಗೆಸಿದ ಕೃಷಿ ಹೊಂಡ ಇತ್ತು. ನಮ್ಮ ಕಡೆ ಈಗ ಎಲ್ಲ ತೋಟದಲ್ಲೂ ಇದೆ, ಚೌಕಾಕಾರದ ಹೊಂಡ, ನೀರು ಇಂಗದಂತೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ. ನೋಡಲು ಚಿಕ್ಕದು, ಅಂಚು ಕೈಗೆ ಸಿಗುವಂತೆಯೇ ಕಾಣುತ್ತದೆ. ಕೆರೆಗಿಂತ ಇದೇ ಕ್ಷೇಮ ಎಂದು ಅವರಿಗೆ ಅನ್ನಿಸಿರಬೇಕು. ಗೊತ್ತಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಆ ಹಾಳೆ ಪಾಚಿಗಟ್ಟಿ ಎಷ್ಟು ಜಾರುತ್ತದೆಂದರೆ, ಬಿದ್ದ ನಾಯಿಯೂ ಹತ್ತಿ ಬರಲಾರದು. ಮಾವ ಅದಕ್ಕೂ ಯೋಚನೆ ಮಾಡಿದ್ದರು. ಹೊಂಡದ ಏರಿಯಲ್ಲಿ ಶಾಮಿಯಾನದ ಗೂಟ ಹೊಡೆದು ಅದಕ್ಕೆ ಹಗ್ಗ ಕಟ್ಟಿಕೊಂಡಿದ್ದರು, ಇಳಿಯಲು, ಹತ್ತಲು. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು. ಆದರೆ ಆ ಏರಿ ನಮ್ಮ ಹಳೆಯ ಕೆಮ್ಮಣ್ಣಲ್ಲ. ಹೊಂಡ ತೋಡಿದಾಗ ಮೇಲೆ ಎತ್ತಿ ಸುರಿದ ಸಡಿಲ ಮಣ್ಣು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು.

ತೋಟದವರು ಬೆಳಿಗ್ಗೆ ಮೋಟಾರು ಹಾಕಲು ಹೋದಾಗ ನೋಡಿದರು. ಕ್ಯಾನು ಬಿಚ್ಚಿಕೊಂಡು ಒಂದು ಮೂಲೆಯಲ್ಲಿ ತೇಲುತ್ತಿತ್ತು. ಹಗ್ಗ ಮಾವನ ಮುಂಗೈಗೆ ಸುತ್ತಿಕೊಂಡೇ ಇತ್ತು, ಅದರ ತುದಿಯಲ್ಲಿ ಗೂಟ...

ಹೊತ್ತುಕೊಂಡು ಬಂದಾಗ ಮನೆಯ ಮುಂದೆ ಶಾಮಿಯಾನ ಹಾಕುವವರು ಯಾರೂ ಇರಲಿಲ್ಲ. ಹೊಂಡ ಯಾಕೆ, ಅಷ್ಟು ಹೊತ್ತಿಗೆ ಅಲ್ಲೇಕೆ ಹೋಗಿದ್ದರು ಎಂದು ಎಲ್ಲರೂ ಕೇಳುತ್ತಿದ್ದರು. ತೋಟದ ಕೂಲಿಯವನೊಬ್ಬ, ದಿನಾ ಬಂದು ಕೈಕಾಲು ಬಡಿಯುತ್ತಿದ್ದರು, ಈಜು ಕಲಿಯುತ್ತಿದ್ದೇನೆ, ಮನೆಯಲ್ಲಿ ಹೇಳಬೇಡ ಅಂದಿದ್ದರು ಎಂದು ಬಾಯಿಬಿಟ್ಟ. ಅಳುತ್ತಿದ್ದ ಅತ್ತೆ ಆ ಮಾತು ಕೇಳಿ ಥಟ್ಟನೆ ನಿಲ್ಲಿಸಿದರು. ಅವನ ಮುಖವನ್ನೇ ನೋಡಿದರು. ದುಃಖಕ್ಕೆ ಹೀಗೆ ಮರಗಟ್ಟಿದ್ದಾರೆ ಎಂದು ನಾವು ನೀರು ಕುಡಿಸಿದೆವು.

ನನಗೆ ಬಹಳ ದಿನ ಸಿಟ್ಟಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಷರತ್ತು ಸರಿಯಾದದ್ದೇ, ಮೇಡಂ ಒಳ್ಳೆಯವರೇ, ಕಾನೂನು ಜೀವ ಉಳಿಸಲೆಂದೇ ಮಾಡಿದ್ದು. ಎಲ್ಲ ಸರಿಯಾಗಿದ್ದು ಒಬ್ಬ ಮನುಷ್ಯ ಹೋಗಿಬಿಟ್ಟರೆ ಯಾರನ್ನು ಬೈಯುವುದು? ದೋಣಿ ತೂಬಿನ ಕಲ್ಲಿಗೆ ಕಟ್ಟಿದ ಹಾಗೇ ಇತ್ತು. ಅದನ್ನು ಕೇಳುವವರಿರಲಿಲ್ಲ.

ಕಳೆದ ವಾರ ಟೆಂಪೊ ಹೊರಟುಹೋದ ಮೇಲೆ, ಮಧ್ಯಾಹ್ನ ಅತ್ತೆ ನನ್ನ ಅಂಗಡಿಗೆ ಬಂದರು. ಮಾವ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು. ಖಾಲಿ ಮಳಿಗೆಯ ಬಾಡಿಗೆ ಕರಾರಿನ ವಿಷಯವಿರಬೇಕು ಅಂದುಕೊಂಡೆ.

"ಆ ದೋಣಿ ಅರ್ಜಿ ಇನ್ನೂ ಇದ್ಯೇನಮ್ಮ ನಿನ್ನ ಹತ್ರ?"

"ಇದೆ ಅತ್ತೆ."

"ನನ್ನ ಹೆಸರಿಗೆ ಮಾಡು."

ಕಂಪ್ಯೂಟರಿನಲ್ಲಿ ತೆಗೆದು, ಮಾಲೀಕರ ಹೆಸರು ಬದಲಾಯಿಸಿದೆ. ಅಳತೆ, ಬಣ್ಣ, ಭಾರ ಎಲ್ಲ ಹಾಗೇ ಇತ್ತು. ದೋಣಿ ನಡೆಸುವವರ ಜಾಗಕ್ಕೆ ಬಂದಾಗ ಕೈ ನಿಂತಿತು. ಅದನ್ನು ಹೇಗೆ ಎತ್ತುವುದೆಂದು ತಿಳಿಯದೆ, "ಇಲ್ಲಿ ಈಜು ಬರೋರ ಹೆಸರು ಬೇಕು ಅತ್ತೆ" ಅಂದೆ.

"ನಂದೇ ಹಾಕು."

ಅವರಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಿದೆ.

"ಗೊತ್ತಾಯ್ತಮ್ಮ. ನಂಗೆ ಬರ್ತದೆ" ಅಂದರು. "ನಮ್ಮೂರಲ್ಲಿ ಮೆಟ್ಟಿಲ ಬಾವಿ ಇತ್ತು. ಹುಡುಗೀರೆಲ್ಲ ಅದ್ರಲ್ಲೇ ಆಡ್ತಿದ್ವಿ. ಮುಳುಗಿ ತಳದ ಮಣ್ಣು ತರ್ತಿದ್ದೆ ನಾನು. ಈ ಊರಿಗೆ ಬಂದಾಗ ನೀರೇ ಇರ್ಲಿಲ್ಲ. ಯಾರ ಹತ್ರ ಹೇಳ್ಕೊಳ್ಳೋದು?"

"ಮಾವನಿಗೆ ಗೊತ್ತಿರ್ಲಿಲ್ವಾ?"

ಅವರು ತಲೆ ಅಲ್ಲಾಡಿಸಿದರು. ಆಮೇಲೆ ಮೇಜಿನ ಅಂಚನ್ನು ನೋಡುತ್ತ ಹೇಳಿದರು. "ಈಜು ಬರೋರು ಬೇಕಂತೆ ಅಂತ ಮನೆಗೆ ಬಂದು ಹೇಳಿದ್ರು. ಊರೆಲ್ಲ ಕೇಳಿದ್ರು, ನನ್ನ ಕೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ಯಾರೂ ಸಿಗದಿದ್ರೆ ದೋಣಿ ದಡದಲ್ಲೇ ಇರ್ತದೆ, ಇವರೂ ದಡದಲ್ಲೇ ಇರ್ತಾರೆ ಅಂದ್ಕೊಂಡೆ."

ಮಾವ ಇದ್ದು ಈ ಮಾತು ಒಂದು ಸಲ ಕೇಳಬೇಕಿತ್ತು ಅನ್ನಿಸಿತು. ಅವರ ಹೆಸರು ಟೈಪ್ ಮಾಡಿದೆ. ಮುಂದಿನ ಸಾಲಿನಲ್ಲಿ ಈಜು ಬರುತ್ತದೆಯೇ ಎಂದಿತ್ತು, ಹೌದು ಎಂದು ಹಾಕಿದೆ. ಪ್ರಿಂಟು ತೆಗೆದು ಮುಂದಿಟ್ಟೆ. ಅತ್ತೆ ನಿಧಾನವಾಗಿ ಸಹಿ ಹಾಕಿದರು. ಪೆನ್ನು ಕೆಳಗಿಟ್ಟು, ಆ ಒಂದು ಹಾಳೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಇಷ್ಟೇನಾ?" ಅಂದರು.

"ಇಷ್ಟೇ ಅತ್ತೆ" ಅಂದೆ.